ಕನಕನ ದ್ವಾರಕೆಯ ಅಂಗಡಿ ಬೀದಿ

(ಬಾನುಲಿ ಭಾಷಣ)



ಭೂಪಟದಲ್ಲಿ ಎಲ್ಲಿಯೂ ಸಿಗದ ಪಟ್ಟಣಗಳನ್ನು ಕವಿಗಳು ಹಿಂದಿನಿಂದಲೂ ಕಟ್ಟುತ್ತ ಬಂದಿದ್ದಾರೆ. ನಮ್ಮ ಹಳೆಯ ಕಾವ್ಯಶಾಸ್ತ್ರವು ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳನ್ನು ವಿಧಿಸಿತು. ಪುರವರ್ಣನೆ ಅವುಗಳಲ್ಲಿ ಒಂದು. ಕೋಟೆ, ಕಂದಕ, ಉಪ್ಪರಿಗೆಗಳ ವರ್ಣನೆ ಒಂದು ಕಾವ್ಯದಿಂದ ಇನ್ನೊಂದಕ್ಕೆ ಹೆಚ್ಚು ಬದಲಾಗದೆ ಸಾಗಿ ಬರುತ್ತದೆ. ಕವಿ ಅಂಗಡಿ ಬೀದಿಗೆ ಕಾಲಿಟ್ಟಾಗ ಮಾತ್ರ ಊರಿಗೆ ಉಸಿರು ಬರುತ್ತದೆ. ಅರಮನೆಯನ್ನು ಕಾಣದವನೂ ಬಣ್ಣಿಸಬಲ್ಲ; ಸಂತೆಯನ್ನು ಕಂಡವನೇ ಬಣ್ಣಿಸಬೇಕು.

ಇಂತಹ ಒಂದು ಪಟ್ಟಣವನ್ನು ಕಟ್ಟಿದವರು ನಮ್ಮ ಹಾವೇರಿ ಸೀಮೆಯವರೇ ಆದ ಕನಕದಾಸರು. ಹುಟ್ಟಿದ್ದು ಬಾಡದಲ್ಲಿ, ಅವರ ಆದಿಕೇಶವ ನೆಲೆಸಿದ್ದು ಬ್ಯಾಡಗಿ ತಾಲೂಕಿನ ಕಾಗಿನೆಲೆಯಲ್ಲಿ. ಅವರ ‘ಮೋಹನತರಂಗಿಣಿ’ ಸಾಂಗತ್ಯದಲ್ಲಿ ರಚಿತವಾದ ದೊಡ್ಡ ಕಾವ್ಯ. ಕೃಷ್ಣನ ದ್ವಾರಕೆಯ ಕಥೆಯನ್ನು ಅದು ಹೇಳುತ್ತದೆ. ಆದರೆ ಆ ದ್ವಾರಕೆ ಪುರಾಣದ ದ್ವಾರಕೆಯಷ್ಟೇ ಅಲ್ಲ. ಅದು ಕವಿ ಕಂಡ ವಿಜಯನಗರದ ಪಡಿಯಚ್ಚು ಎಂಬುದು ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದ ಮಾತು. ಅಲ್ಲಿ ಸೋಮಸೂರ್ಯ ವೀಥಿಯೆಂಬ ಹಿರಿಯ ಬೀದಿ. ಅದರ ಎರಡೂ ಬದಿಗೆ ಹೊನ್ನಿನ ಮನೆಗಳ ಸಾಲು. ಹಡಗಿನ ವ್ಯಾಪಾರದಲ್ಲಿ ಗಳಿಸಿದ ಹಣವನ್ನು ವರ್ತಕರು ಎಣಿಸುವುದಿಲ್ಲ, ತೂಗುತ್ತಾರೆ. ಕೇಳಿದರೆ ಕುಬೇರನಿಗೂ ಸಾಲ ಕೊಡಬಲ್ಲವರು ಅವರು.

ಇದನ್ನು ಬರಿಯ ಅತಿಶಯೋಕ್ತಿ ಎನ್ನಲಾಗದು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕನು, ಒಂದೊಂದು ಕಸುಬಿನವರ ಅಂಗಡಿಗಳು ಒಂದಕ್ಕೊಂದು ಹತ್ತಿಕೊಂಡಿದ್ದುದನ್ನೂ, ಗುಲಾಬಿ ಹೂವಿಲ್ಲದೆ ಆ ಜನ ಬದುಕಲಾರರೇನೋ ಎನಿಸಿದ್ದನ್ನೂ ಬರೆದಿಟ್ಟಿದ್ದಾನೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ರತ್ನ, ಮುತ್ತು, ಬಟ್ಟೆಗಳ ಬೀದಿಯನ್ನು ಕಂಡು ಬೆರಗಾದನು. ಅಂದರೆ ಕನಕದಾಸರು ಕಟ್ಟಿದ ಕಲ್ಪನೆಯ ಪಟ್ಟಣಕ್ಕೆ ನಿಜವಾದ ಪೇಟೆಯೇ ಅಡಿಗಲ್ಲಾಗಿತ್ತು.

ನಾನು ವರದಾ ನದಿಯ ದಡದ ಹೊಸರಿತ್ತಿಯವನು. ಕಾಲೇಜಿನಲ್ಲಿ ಈ ಪದ್ಯಗಳನ್ನು ಮೊದಲು ಓದಿದಾಗ, ಕುಬೇರನಿಗೆ ಸಾಲ ಕೊಡುವ ವರ್ತಕನ ಮಾತಿಗೆ ನನ್ನ ಸಹಪಾಠಿಗಳು ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಮನೆಗೂ ಒಬ್ಬ ವರ್ತಕನು ಸಾಲ ಕೊಡುತ್ತಿದ್ದನು. ನಮ್ಮ ತಂದೆಯವರು ಮಾತ್ರ ಕುಬೇರರಾಗಿರಲಿಲ್ಲ. ಬಿತ್ತುವ ಮೊದಲೇ ಅಡತಿ ಅಂಗಡಿಯಿಂದ ಮುಂಗಡ ತರುವುದು, ಬೆಳೆ ಬಂದ ಮೇಲೆ ಮೆಣಸಿನಕಾಯಿಯ ಚೀಲಗಳನ್ನು ಅದೇ ಅಂಗಡಿಯಲ್ಲಿ ಇಳಿಸುವುದು, ಲೆಕ್ಕ ಹರಿದು ಉಳಿದದ್ದನ್ನು ಪಂಚೆಯ ತುದಿಗೆ ಗಂಟು ಕಟ್ಟಿಕೊಂಡು ಬರುವುದು, ಇದು ವರ್ಷವರ್ಷದ ಕ್ರಮ. ತಂದೆಯವರು ಬ್ಯಾಡಗಿಯಿಂದ ಮರಳಿದ ದಿನ ಅವ್ವ ಬೆಲೆ ಕೇಳುತ್ತಿರಲಿಲ್ಲ. ಅವರು ಚಕ್ಕಡಿಯಿಂದ ಇಳಿಯುವ ರೀತಿಯನ್ನು ನೋಡಿಯೇ ಅವಳು ಬೆಲೆಯನ್ನು ತಿಳಿದುಕೊಳ್ಳುತ್ತಿದ್ದಳು.

ನಮ್ಮ ಸೀಮೆಯ ಪೇಟೆಗಳಿಗೂ ಕಾವ್ಯಕ್ಕೆ ಸಲ್ಲುವ ಚೆಲುವಿದೆ. ಹಾವೇರಿಯನ್ನೇ ನೋಡಿರಿ. ಅದು ಏಲಕ್ಕಿ ಬೆಳೆಯುವ ನೆಲವಲ್ಲ. ಆದರೂ ಅದಕ್ಕೆ ಏಲಕ್ಕಿ ಕಂಪಿನ ನಾಡೆಂಬ ಹೆಸರು. ಮಲೆನಾಡಿನಿಂದ ಇಳಿದು ಬಂದ ಕಾಯಿಗೆ ಅಲ್ಲಿಯ ಕೈಗಳು ಕಸುಬಿನ ಬೆಲೆ ಕೂಡಿಸಿದವು. ಇಂದಿಗೂ ಪಟವೇಗಾರರು ಏಲಕ್ಕಿಯನ್ನು ಎಳೆ ಎಳೆಯಾಗಿ ಪೋಣಿಸಿ ಕಟ್ಟುವ ಹಾರ ಗಣ್ಯರ ಕೊರಳಿಗೆ ಬೀಳುತ್ತದೆ. ರಾಣೇಬೆನ್ನೂರು ಹತ್ತಿಯ ಮತ್ತು ಬೀಜದ ಪೇಟೆ. ಹೂವಿನಿಂದ ಹೂವಿಗೆ ಪರಾಗವನ್ನು ಕೈಯಿಂದಲೇ ಮುಟ್ಟಿಸಿ ಸಂಕರ ಬೀಜ ಪಡೆಯುವ ಸೂಕ್ಷ್ಮ ಕೆಲಸ ಸುತ್ತಲಿನ ಹೊಲಗಳಲ್ಲಿ ನಡೆಯುತ್ತದೆ. ಇನ್ನು ಬ್ಯಾಡಗಿ: ಸುಗ್ಗಿಯಲ್ಲಿ ಅಲ್ಲಿ ನೆಲವೇ ಕೆಂಪು. ಕಡ್ಡಿ, ಡಬ್ಬಿ ಎಂಬ ಎರಡು ತಳಿಗಳ ಆ ಸುಕ್ಕುಗಟ್ಟಿದ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದರಿಂದ ತೆಗೆದ ಬಣ್ಣ ದೂರದೇಶದ ತಿನಿಸುಗಳಿಗೂ ಹೆಂಗಸರ ತುಟಿಯ ರಂಗಿಗೂ ಸೇರುತ್ತದೆ.

ಆದರೆ ಆ ರಾಶಿಗಳ ನಡುವೆ ಮೂಗಿಗೆ ಸೆರಗು ಕಟ್ಟಿಕೊಂಡು ಕುಳಿತ ಹೆಣ್ಣುಮಕ್ಕಳನ್ನು ನೀವು ನೋಡಿರಬಹುದು. ಕಾಯಿಯ ತೊಟ್ಟನ್ನು ಮುರಿಯುವುದು, ನಮ್ಮ ಕಡೆಯ ಮಾತಿನಲ್ಲಿ ತುಂಬು ಬಿಡಿಸುವುದು, ಅವರ ಕೆಲಸ. ಸಂಜೆ ಮನೆಗೆ ಹೋಗಿ ಎಷ್ಟು ತೊಳೆದರೂ ಬೆರಳಿನ ಉರಿ ಇಳಿಯದು. ಆ ಕೈಯಿಂದ ಕೂಸನ್ನು ಮುಟ್ಟಲು ಅವರು ಹಿಂಜರಿಯುತ್ತಾರೆ. ಯಾವ ಪುರವರ್ಣನೆಯಲ್ಲಿಯೂ ಈ ಬೆರಳುಗಳನ್ನು ನಾನು ಕಂಡಿಲ್ಲ. ತಕ್ಕಡಿ ಹೊಳೆಯುತ್ತದೆ, ಹೊನ್ನು ಹೊಳೆಯುತ್ತದೆ. ತೂಕಕ್ಕೆ ಬಂದ ವಸ್ತು ಯಾರ ಹೊಲದಿಂದ, ಯಾರ ಕೈಯಿಂದ ಬಂದಿತೆಂಬುದು ಮರೆಯಾಗುತ್ತದೆ.

ಮರೆಯಾದದ್ದು ಒಮ್ಮೊಮ್ಮೆ ಬೆಂಕಿಯಾಗಿ ಎದುರು ನಿಲ್ಲುತ್ತದೆ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಬೆಲೆ ಕುಸಿದಾಗ ರೊಚ್ಚಿಗೆದ್ದ ಬೆಳೆಗಾರರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳು ಉರಿದವು. ಅದನ್ನು ಸರಿಯೆಂದು ನಾನು ಹೇಳಲಾರೆ. ಆದರೆ ಅದನ್ನು ಕೇಳಿದ ಇರುಳು, ಚಕ್ಕಡಿಯಿಂದ ಮೆಲ್ಲಗೆ ಇಳಿಯುತ್ತಿದ್ದ ನನ್ನ ತಂದೆಯವರು ನೆನಪಾದರು. ಅವರು ಒಂದು ದಿನವೂ ದನಿಯೆತ್ತಲಿಲ್ಲ. ಆ ಮೌನವನ್ನು ನಾವು ಸಮಾಧಾನವೆಂದು ತಿಳಿದಿದ್ದೆವು.

ಈಗ ಕನಕದಾಸರತ್ತ ಮರಳೋಣ. ನೆಲದಲ್ಲಿ ಹೊನ್ನಿನ ಕೊಪ್ಪರಿಗೆ ಸಿಕ್ಕಿದ್ದರಿಂದ ಅವರಿಗೆ ಕನಕನೆಂಬ ಹೆಸರು ಬಂದಿತೆಂದು ಐತಿಹ್ಯ. ಹೊನ್ನಿನ ಬೀದಿಯನ್ನು ಬಣ್ಣಿಸಿ ಅವರು ಸುಮ್ಮನಾಗಿದ್ದರೆ ಅವರೂ ಅನೇಕ ಕವಿಗಳಲ್ಲಿ ಒಬ್ಬರಾಗುತ್ತಿದ್ದರು. ಆದರೆ ‘ರಾಮಧಾನ್ಯಚರಿತೆ’ಯನ್ನು ಬರೆದ ಕೈಯೂ ಅದೇ. ಅಲ್ಲಿ ಕಾಳುಗಳೇ ಬಾಯಿ ತೆರೆದು ಮಾತನಾಡುತ್ತವೆ. ಧಾನ್ಯಗಳಲ್ಲಿ ಯಾವುದು ಮೇಲೆಂಬ ಪ್ರಶ್ನೆ ಬಂದಾಗ ನೆಲ್ಲು ತನ್ನ ಕುಲವನ್ನು ಹೇಳಿಕೊಂಡು ರಾಗಿಯನ್ನು ಹಳಿಯುತ್ತದೆ. ನೀನು ಉಳ್ಳವರ ಕಡೆಯವನು, ಬಡವರತ್ತ ತಿರುಗಿಯೂ ನೋಡದವನು ಎಂದು ರಾಗಿ ತಿರುಗಿ ನುಡಿಯುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಸೆರೆ ಬಿಡಿಸಿದಾಗ ನೆಲ್ಲು ಕಳೆಗುಂದಿರುತ್ತದೆ. ರಾಗಿ ಕೆಡದೆ ಗಟ್ಟಿಯಾಗಿ ಉಳಿದಿರುತ್ತದೆ. ರಾಘವನ ಹೆಸರಿನ ಗೌರವ ಅದಕ್ಕೆ ಸಲ್ಲುತ್ತದೆ.

ಈ ಎರಡು ಕಾವ್ಯಗಳನ್ನು ಒಟ್ಟಿಗೆ ಇಟ್ಟು ಓದಬೇಕೆಂಬುದೇ ನನ್ನ ಬಿನ್ನಹ. ಮೊದಲನೆಯದು ಅಂಗಡಿಯ ಎದುರಿನಿಂದ ಕಂಡ ಪಟ್ಟಣ. ಎರಡನೆಯದರಲ್ಲಿ ಚೀಲದೊಳಗಿನ ಕಾಳು ತನ್ನ ಬೆಲೆಯನ್ನು ತಾನೇ ಕೇಳುತ್ತದೆ. ಕನಕದಾಸರು ದ್ವಾರಕೆಯ ಸೊಬಗನ್ನು ಸುಳ್ಳೆನ್ನಲಿಲ್ಲ. ಹಾಗೆಂದು ಅದೊಂದೇ ಪೂರ್ಣಸತ್ಯವೆಂದೂ ಬಗೆಯಲಿಲ್ಲ. ವಿಜಯನಗರದ ಆ ಬೀದಿಗಳು 1565ರ ಬಳಿಕ ಹಾಳುಬಿದ್ದವು. ಹಂಪಿಯಲ್ಲಿ ಇಂದು ಕಲ್ಲಿನ ಕಂಬಗಳ ಸಾಲು ಮಾತ್ರ ನಿಂತಿದೆ. ರಾಗಿ ಇನ್ನೂ ಹೊಲದಲ್ಲಿದೆ.

ನಮ್ಮ ಇಂದಿನ ಲೇಖಕರು ಹೊಸ ಹೊಸ ಪಟ್ಟಣಗಳನ್ನು ಕಲ್ಪಿಸಲಿ. ಬೇಕಾದಷ್ಟು ಕೇರಿ, ಬೀದಿ, ಅಂಗಡಿಗಳನ್ನು ಕಟ್ಟಲಿ. ನನ್ನದೊಂದು ಸಣ್ಣ ಬೇಡಿಕೆ: ಆ ಊರಿನ ಪೇಟೆಯಿಂದ ಹೊರಗೆ ಹೋಗುವ ಒಂದು ಚಕ್ಕಡಿಯ ದಾರಿಯನ್ನೂ ಅವರು ಬರೆಯಲಿ. ಆ ದಾರಿಯ ಕೊನೆಯಲ್ಲಿ ಯಾರೋ ಒಬ್ಬ ತಾಯಿ ಬಾಗಿಲಲ್ಲಿ ನಿಂತಿರುತ್ತಾಳೆ, ಏನನ್ನೂ ಕೇಳದೆ.