ದೂರವಾದ ಬಂಧುಗಳೂ ಹಳೇ ದಾಖಲೆಗಳೂ

(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹಾಲಿನ ಲೆಕ್ಕ, ಬೋನಸ್ಸಿನ ಲೆಕ್ಕವನ್ನೆಲ್ಲ ಅಧ್ಯಕ್ಷರು ವಿವರವಾಗಿ ಹೇಳಿದ್ದಾರೆ. ನಾವು ಎಸ್ಸೆಸ್ಸೆಲ್ಸಿ ಮುಗಿಸಿ ನೇಗಿಲು ಹಿಡಿದವರು, ಭಾಷಣ ಮಾಡಿ ರೂಢಿ ಇಲ್ಲ. ಆದರೂ ಎಲ್ಲರ ಮನೆಗೂ ಸಂಬಂಧಪಟ್ಟ ಒಂದು ವಿಚಾರ ಹೇಳಬೇಕು ಅಂತ ನಿಂತಿದ್ದೇವೆ. ಊರು ಬಿಟ್ಟು ಹೋಗಿ ಸುದ್ದಿ ಇಲ್ಲದಂತಾದ ನಮ್ಮವರನ್ನು ಹಳೇ ಕಾಗದ ಪತ್ರಗಳಿಂದ ಹುಡುಕುವುದು ಹೇಗೆ ಎಂಬುದೇ ಆ ವಿಚಾರ.

ಕಡೂರು ಸೀಮೆ ಮಳೆ ನಂಬಿದ ಬಯಲು ಸೀಮೆ. ನಮ್ಮ ಜನ ಊರು ಬಿಟ್ಟಿದ್ದು ಒಂದು ಸಲ ಅಲ್ಲ. 1876ರಿಂದ 78ರವರೆಗೆ ಧಾತು, ಈಶ್ವರ ಸಂವತ್ಸರಗಳಲ್ಲಿ ಬಿದ್ದ ದೊಡ್ಡ ಬರದ ಮಾತು ಅಜ್ಜಂದಿರ ಬಾಯಲ್ಲಿ ಕೇಳಿದ್ದೇವೆ. ಆಮೇಲೆ 1898ರ ಪ್ಲೇಗು, 1918ರ ಇನ್‌ಫ್ಲುಯೆಂಜಾ ಬಂದವು. ಮಳೆ ಕೈಕೊಟ್ಟ ವರ್ಷ ಮಲೆನಾಡಿನ ಕಾಫಿ ತೋಟಕ್ಕೆ ಕೂಲಿಗೆ ಹೋದವರು, ಭದ್ರಾವತಿ ಕಬ್ಬಿಣದ ಕಾರ್ಖಾನೆಗೆ ಹೋದವರು, ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆ ಕಟ್ಟುವಾಗ ಕಲ್ಲು ಮಣ್ಣು ಹೊತ್ತವರು ಬಹಳ. ಕೆಲವರು ಹಬ್ಬಕ್ಕೆ ಬಂದು ಹೋಗುತ್ತಿದ್ದರು. ಕೆಲವರು ಹೋದವರು ಹೋದರು.

ನಮ್ಮ ಮನೆಯಲ್ಲೂ ಹಾಗೆ ಒಬ್ಬರಿದ್ದರು. ನಮ್ಮ ಅಜ್ಜನ ತಮ್ಮ, ಅಂದರೆ ನಮಗೆ ಚಿಕ್ಕಜ್ಜ. ಸ್ವಾತಂತ್ರ್ಯ ಬರುವ ಮುಂಚೆಯೇ ಮಲೆನಾಡಿಗೆ ಹೋದವರು ತಿರುಗಿ ಬರಲಿಲ್ಲ. ಪಿತೃಪಕ್ಷದಲ್ಲಿ ನಮ್ಮ ಅಜ್ಜಿ ಅವರಿಗೂ ಒಂದು ಎಡೆ ಇಡುತ್ತಿದ್ದರು. ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲದವರಿಗೆ ಎಡೆ ಇಡಬಾರದು ಅಂತ ಮನೆಯಲ್ಲಿ ಪ್ರತಿ ವರ್ಷ ಮಾತು ನಡೆಯುತ್ತಿತ್ತು. ಅಜ್ಜಿ ಇಟ್ಟೇ ಇಡುತ್ತಿದ್ದರು.

ಅವರ ಸುಳಿವು ಕೊಟ್ಟಿದ್ದು ಸರ್ಕಾರದ ಕಾಗದ ಅಲ್ಲ, ಅಟ್ಟದ ಮೇಲಿನ ಟ್ರಂಕಿನಲ್ಲಿದ್ದ ಮುಯ್ಯಿ ಪುಸ್ತಕ. ನಮ್ಮ ಸೋದರತ್ತೆಯ ಮದುವೆಯದು. ಮೇಲೆ 'ದುರ್ಮುಖಿ ಸಂವತ್ಸರ ವೈಶಾಖ' ಅಂತ ಬರೆದಿದೆ. ಒಂದು ಸಾಲಿನಲ್ಲಿ ಚಿಕ್ಕಜ್ಜನ ಹೆಸರು, ಮೂಡಿಗೆರೆ ತಾಲ್ಲೂಕಿನ ಒಂದು ಊರು, 5 ರೂಪಾಯಿ, ಪಕ್ಕದಲ್ಲಿ 'ಬೇರೆಯವರ ಕೈಲಿ ಕಳಿಸಿದ್ದು' ಅಂತ ಇತ್ತು. ಬರಲಿಕ್ಕೆ ಆಗದಿದ್ದರೂ ಅಣ್ಣನ ಮಗಳ ಮದುವೆಗೆ ಮುಯ್ಯಿ ಕಳಿಸಿದ್ದರು.

ಇಲ್ಲಿ ಒಂದು ಎಚ್ಚರಿಕೆ. ಸಂವತ್ಸರ 60 ವರ್ಷಕ್ಕೆ ಒಮ್ಮೆ ತಿರುಗಿ ಬರುತ್ತದೆ. ದುರ್ಮುಖಿ 1896ರಲ್ಲೂ ಬಂತು, 1956ರಲ್ಲೂ ಬಂತು, 2016ರಲ್ಲೂ ಬಂತು. ಅತ್ತೆಯ ವಯಸ್ಸು ಹಿಡಿದು ಇದು 1956 ಅಂತ ತಿಳಿದೆವು. ಹಳೇ ಕಂದಾಯದ ಕಾಗದದಲ್ಲಿ ಫಸಲಿ ವರ್ಷ ಕಂಡರೆ ಅದಕ್ಕೆ 590 ಕೂಡಿಸಿ, ಇಸವಿ ಹೆಚ್ಚು ಕಡಿಮೆ ಸಿಗುತ್ತದೆ.

ಆ ಊರಿನ ಸರ್ಕಾರಿ ಶಾಲೆಗೆ ಹೋದೆವು. ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟೆವು. ಹಳೇ ದಾಖಲಾತಿ ರಿಜಿಸ್ಟರ್ ತೆಗೆಸಿದರು. ಅದರಲ್ಲಿ ಚಿಕ್ಕಜ್ಜನ ಹೆಸರು ತಂದೆಯ ಜಾಗದಲ್ಲಿ ಇದ್ದ ಎರಡು ಮಕ್ಕಳು ಸಿಕ್ಕರು, ಒಬ್ಬ ಗಂಡು, ಒಬ್ಬಳು ಹೆಣ್ಣು. ತಂದೆಯ ಕಸುಬು 'ತೋಟದ ಕೂಲಿ'. ಶಾಲೆಯ ಪಕ್ಕದ ಅಂಗಡಿಯ ಹಿರಿಯರು ಆ ಹೆಣ್ಣುಮಗಳನ್ನು ಯಾವ ಊರಿಗೆ ಕೊಟ್ಟಿದೆ ಅಂತ ಹೇಳಿದರು. ಅಲ್ಲಿ ಹೋದಾಗ ಎಪ್ಪತ್ತು ದಾಟಿದ ತಾಯಿ ಜಗಲಿ ಮೇಲೆ ಕೂತಿದ್ದರು. 'ನಿಮ್ಮ ತಂದೆಯ ಕಡೆ ಮನೆದೇವರು ಯಾವುದವ್ವಾ?' ಅಂದೆವು. 'ಬೀರೂರಿನ ಮೈಲಾರಲಿಂಗಪ್ಪ' ಅಂದರು. ನಮ್ಮದೂ ಅದೇ. ಹೆಸರು ಒಂದೇ ಇರುವವರು ಸಾವಿರ ಜನ ಸಿಗುತ್ತಾರೆ. ಹೆಸರು, ತಂದೆ ಹೆಸರು, ಊರು, ಮನೆದೇವರು, ಬೆಡಗು ಇವೆಲ್ಲ ಕೂಡಿ ಬಂದರೆ ಮಾತ್ರ ನಮ್ಮವರು ಅಂತ ನಂಬಬೇಕು.

ಈಗ ಎಲ್ಲೆಲ್ಲಿ ಹುಡುಕಬಹುದು ಅಂತ ನಾವು ಅಲೆದು ತಿಳಿದಷ್ಟು ಹೇಳುತ್ತೇವೆ.

ಮೊದಲು ಮನೆ. ಮುಯ್ಯಿ ಪುಸ್ತಕ, ಲಗ್ನಪತ್ರಿಕೆ, ಜಾತಕ, ಕಂದಾಯದ ರಸೀತಿ, ವಿಭಾಗ ಪತ್ರ, ಸಾಲದ ಪತ್ರ, ಪಂಚಾಂಗದ ಅಂಚಿನಲ್ಲಿ ಬರೆದಿಟ್ಟ ತಿಥಿ ಯಾವುದನ್ನೂ ಒಲೆಗೆ ಹಾಕಬೇಡಿ. ಮನೆಗೆ ಸುಣ್ಣ ಬಳಿಯುವಾಗ ಎಷ್ಟೋ ವಂಶದ ಲೆಕ್ಕ ಬೂದಿಯಾಗಿದೆ.

ಎರಡನೆಯದು ನಮ್ಮ ಹೆಳವರು. ಎತ್ತಿನ ಮೇಲೆ ಬಂದು, ಬೆಳಗಿನ ಜಾವ ಮನೆ ಮುಂದೆ ನಿಂತು, ನಮ್ಮ ಮನೆತನ ಎಲ್ಲಿಂದ ಬಂತು, ಯಾರಿಗೆ ಎಷ್ಟು ಮಕ್ಕಳು, ಯಾರು ಯಾವ ಊರು ಸೇರಿದರು ಅಂತ ಹೇಳಿ ಕಾಳು ಕಡಿ, ಬಟ್ಟೆ ಪಡೆದು ಹೋಗುವವರು. ಈಗ ಪುಸ್ತಕದಲ್ಲೂ ಬರೆದಿಟ್ಟುಕೊಂಡಿದ್ದಾರೆ. ಅವರನ್ನು ಭಿಕ್ಷುಕರು ಅಂತ ಬಾಗಿಲಿಂದಲೇ ಕಳಿಸಬೇಡಿ. ಕೂರಿಸಿ, ಹೇಳಿದ್ದನ್ನು ಬರೆದುಕೊಳ್ಳಿ. ಹೊಸದಾಗಿ ಹುಟ್ಟಿದವರ ಹೆಸರನ್ನೂ ಅವರಿಗೆ ಬರೆಸಿ.

ಮೂರನೆಯದು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ನೇ ಕಾಲಂನಲ್ಲಿ ಜಮೀನು ಹೇಗೆ ಬಂತು ಅನ್ನುವುದು ಇರುತ್ತದೆ. ಅಲ್ಲಿ ಎಂ.ಆರ್. ನಂಬರ್ ಸಿಕ್ಕರೆ ಆ ಮ್ಯುಟೇಶನ್ ನಕಲಿಗೆ ಅರ್ಜಿ ಹಾಕಿ. ಯಾರು ಸತ್ತರು, ವಾರಸುದಾರರು ಯಾರು ಅಂತ ತಿಳಿಯುತ್ತದೆ. 'ಭೂಮಿ' ಕಂಪ್ಯೂಟರ್ ಬರುವ ಮುಂಚಿನ ಕೈಬರಹದ ಪಹಣಿಯೇ ಈ ಕೆಲಸಕ್ಕೆ ಹೆಚ್ಚು ಉಪಯೋಗ. 1974ರ ಭೂಸುಧಾರಣೆ ಕಾಲದಲ್ಲಿ ಗೇಣಿದಾರರು ಕೊಟ್ಟ ನಮೂನೆ 7ರ ಕಡತಗಳಲ್ಲಿ ಮನೆಯವರ ಹೇಳಿಕೆಗಳೂ ಸಿಗುವುದುಂಟು. ಕ್ರಯ, ವಿಭಾಗ, ದಾನ ಪತ್ರಗಳ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ. ಕಲಬುರಗಿ, ಬೀದರ್, ರಾಯಚೂರು ಕಡೆಗೆ ಸಂಬಂಧ ಇದ್ದವರು ಒಂದು ತಿಳಿದಿರಲಿ, ನಿಜಾಮರ ಕಾಲದ ಕಾಗದ ಉರ್ದುವಿನಲ್ಲಿರುತ್ತದೆ. ಧಾರವಾಡ, ಬೆಳಗಾವಿ ಕಡೆ ಹಳೆಯವು ಮೋಡಿ ಲಿಪಿಯಲ್ಲಿ ಇರಬಹುದು. ಓದುವವರನ್ನು ಜೊತೆಗೆ ಕರೆದುಕೊಂಡು ಹೋಗಬೇಕು.

ನಾಲ್ಕನೆಯದು ಜನನ ಮರಣ ದಾಖಲೆ. ಈಗಿನ ಕಾಯ್ದೆ 1969ರದು. ಅದಕ್ಕೆ ಮುಂಚೆ ಊರಿನಲ್ಲಿ ಪಟೇಲರು ಬರೆಯುತ್ತಿದ್ದರು. ಈ ಕಾಯ್ದೆಯ 17ನೇ ಕಲಮಿನ ಪ್ರಕಾರ ಯಾರು ಬೇಕಾದರೂ ಶುಲ್ಕ ಕಟ್ಟಿ ರಿಜಿಸ್ಟರ್ ಹುಡುಕಿಸಿ ನಕಲು ಪಡೆಯಬಹುದು. ನಮ್ಮ ಚಿಕ್ಕಜ್ಜ ತೀರಿಕೊಂಡ ತಾರೀಖು ನಮಗೆ ಸಿಕ್ಕಿದ್ದು ಹೀಗೆ, 1974ರಲ್ಲಿ. ಪಂಚಾಂಗ ನೋಡಿಸಿ ತಿಥಿ ಹಿಡಿದೆವು. ಎಡೆಯ ಬಗ್ಗೆ ಈಗ ಮನೆಯಲ್ಲಿ ಮಾತಿಲ್ಲ.

ಜನಗಣತಿಯಲ್ಲಿ ಹುಡುಕೋಣ ಅಂತ ಕೆಲವರು ಹೇಳುತ್ತಾರೆ. ಅದು ಆಗುವುದಿಲ್ಲ. 1948ರ ಜನಗಣತಿ ಕಾಯ್ದೆಯ ಪ್ರಕಾರ ಒಬ್ಬೊಬ್ಬರ ವಿವರ ಗುಟ್ಟಾಗಿರುತ್ತದೆ, ಯಾರಿಗೂ ತೋರಿಸುವುದಿಲ್ಲ. ಸುಮ್ಮನೆ ಅಲೆಯಬೇಡಿ.

ಮಲೆನಾಡು ಹೋಗಲಿ, ಸಮುದ್ರ ದಾಟಿ ಹೋದವರನ್ನೂ ಬರಹ ಉಳಿಸಿದೆ. 1860ರಿಂದ 1911ರವರೆಗೆ ದಕ್ಷಿಣ ಆಫ್ರಿಕಾದ ನಟಾಲಿನ ಕಬ್ಬಿನ ತೋಟಗಳಿಗೆ ಮದ್ರಾಸು, ಕಲ್ಕತ್ತ ಬಂದರುಗಳಿಂದ 1,52,184 ಜನ ಕರಾರಿನ ಕೂಲಿಗಳಾಗಿ ಹೋದರು. ಹಡಗಿನ ಪಟ್ಟಿಯಲ್ಲಿ ಅವರ ಹೆಸರು, ತಂದೆ ಹೆಸರು, ಜಾತಿ, ಜಿಲ್ಲೆ, ಊರು, ಮೈಮೇಲಿನ ಗುರುತು ಬರೆದಿದ್ದರು. ಅಂದು ಕೂಲಿಯ ಲೆಕ್ಕಕ್ಕೆ ಬರೆದ ಸಾಲು, ಇಂದು ಅವರ ಮರಿಮಕ್ಕಳಿಗೆ ಅಜ್ಜನ ಊರು ತೋರಿಸುತ್ತಿದೆ.

ತಾಯಂದಿರೇ, ಎಲ್ಲಕ್ಕಿಂತ ಕಷ್ಟ ಹೆಣ್ಣುಮಕ್ಕಳನ್ನು ಹುಡುಕುವುದು. ನಮ್ಮ ಮುಯ್ಯಿ ಪುಸ್ತಕದಲ್ಲಿ ಗಂಡಸರಿಗೆಲ್ಲ ಹೆಸರಿದೆ, ಹೆಂಗಸರು 'ಹೊಸಹಳ್ಳಿ ಅಕ್ಕ', 'ತರೀಕೆರೆ ಅತ್ತೆ' ಅಂತ ಇದ್ದಾರೆ. ದೇಶದ ಮೊದಲನೇ ಮಹಾಚುನಾವಣೆ 1951-52ರಲ್ಲಿ ನಡೆದಾಗ, ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಅಂತ ಬರೆಸಿದ್ದ ಸುಮಾರು 28 ಲಕ್ಷ ಹೆಂಗಸರನ್ನು ಮತದಾರರ ಪಟ್ಟಿಯಿಂದ ಬಿಡಬೇಕಾಯಿತು. ಹೆಸರು ಬರೆಸದಿದ್ದರೆ ಹಕ್ಕೂ ಹೋಗುತ್ತದೆ, ಗುರುತೂ ಹೋಗುತ್ತದೆ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಮಾತು. ನಾವು ಮೂಡಿಗೆರೆಗೆ ಹೊರಟಾಗ ಊರಲ್ಲಿ ಬುದ್ಧಿ ಹೇಳಿದವರೇ ಹೆಚ್ಚು. 'ಸತ್ತ ಹಾವನ್ನ ಯಾಕೆ ಕೆದಕ್ತೀರಿ? ಸಿಕ್ಕರೆ ಪಾಲು ಕೇಳ್ತಾರೆ' ಅಂದರು. ಇದು ಸುಳ್ಳು ಭಯ ಅಂತ ನಾವು ಹೇಳುವುದಿಲ್ಲ. ನಮ್ಮ ಅಜ್ಜನಿಗೂ ಚಿಕ್ಕಜ್ಜನಿಗೂ ಪಾಲಾಗಿರಲಿಲ್ಲ. ವಿಲ್ ಬರೆಯದೆ ಸತ್ತ ತಂದೆಯ ಪಾಲಿನಲ್ಲಿ ಮಗಳಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಹಕ್ಕಿದೆ. ಪಿತ್ರಾರ್ಜಿತದಲ್ಲಿ ಮಗನ ಸಮ ಹಕ್ಕನ್ನು ನಮ್ಮ ರಾಜ್ಯ 1994ರಲ್ಲಿ, ಇಡೀ ದೇಶಕ್ಕೆ ಕೇಂದ್ರ ಸರ್ಕಾರ 2005ರಲ್ಲಿ ಕೊಟ್ಟಿತು. ಅತ್ತೆ ಬಾಯಿಬಿಟ್ಟು ಕೇಳಲಿಲ್ಲ. ಆದರೆ ಅವರ ತೀರಿಹೋದ ಅಣ್ಣನ ಮಕ್ಕಳು ಕೇಳಿದರು. ನಾಲ್ಕು ಸಲ ಕೂತು ಮಾತಾಡಿದೆವು. ಕಡೆಗೆ 1 ಎಕರೆ 10 ಗುಂಟೆ ಖುಷ್ಕಿ ಅವರ ಕಡೆಗೆ ಅಂತ ವಿಭಾಗ ಪತ್ರ ರಿಜಿಸ್ಟರ್ ಆಯಿತು. ನಮ್ಮ ಅಣ್ಣತಮ್ಮಂದಿರಲ್ಲಿ ಒಬ್ಬರಿಗೆ ಇವತ್ತಿಗೂ ಸಮಾಧಾನ ಇಲ್ಲ, ಅದನ್ನೂ ಹೇಳಿಬಿಡುತ್ತೇವೆ. ಕಾಗದ ಹುಡುಕಿದರೆ ಬಂಧುವೂ ಸಿಗುತ್ತಾರೆ, ಬಾಧ್ಯತೆಯೂ ಸಿಗುತ್ತದೆ. ಒಂದು ಬೇಕು, ಒಂದು ಬೇಡ ಅನ್ನಲಿಕ್ಕೆ ಬರುವುದಿಲ್ಲ.

ಪೌತಿ ಖಾತೆ ಮಾಡಿಸುವಾಗ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು ಬಿಡುವುದು, ಊರು ಬಿಟ್ಟ ತಮ್ಮನನ್ನು ಬಿಡುವುದು ಎಲ್ಲ ಕಡೆ ನಡೆದಿದೆ. ಅಂದಿಗೆ ಕೆಲಸ ಸಲೀಸು. ನಾಳೆ ಅದೇ ಕೋರ್ಟಿನ ಮೆಟ್ಟಿಲು ಹತ್ತಿಸುತ್ತದೆ. ಇವತ್ತು ವಂಶವೃಕ್ಷದಲ್ಲಿ ಬಿಟ್ಟ ಹೆಸರನ್ನೇ ನಾಳೆ ಮೊಮ್ಮಕ್ಕಳು ಊರೂರು ಅಲೆದು ಹುಡುಕಬೇಕಾಗುತ್ತದೆ.

ಸಂಘಕ್ಕೂ ಈ ಮಾತು ಸೇರುತ್ತದೆ. ನಮ್ಮ ಷೇರು ರಿಜಿಸ್ಟರಿನಲ್ಲಿ ತೀರಿಕೊಂಡ ಸದಸ್ಯರ ಷೇರು ಇನ್ನೂ ಅವರ ಹೆಸರಿನಲ್ಲೇ ಇವೆ. ನಾಮಿನಿ ಕಾಲಂನಲ್ಲಿ ಕೆಲವು ಕಡೆ 'ಹೆಂಡತಿ', 'ಮಗ' ಅಂತ ಮಾತ್ರ ಇದೆ, ಹೆಸರಿಲ್ಲ. ಆದ್ದರಿಂದ ಸಭೆಯ ಮುಂದೆ ಮೂರು ಸಲಹೆ ಇಡುತ್ತೇವೆ. ಪ್ರತಿ ಸದಸ್ಯರೂ ಈ ವರ್ಷವೇ ನಾಮಿನಿಯ ಪೂರ್ತಿ ಹೆಸರು, ಸಂಬಂಧ, ಊರು ಬರೆಸಲಿ. ತೀರಿಕೊಂಡವರ ವಾರಸುದಾರರ ಪಟ್ಟಿಯನ್ನು ಸಂಘ ಮಾಡಿ ನೋಟೀಸ್ ಬೋರ್ಡಿಗೆ ಹಾಕಲಿ. ಪ್ರತಿ ಮನೆಯವರೂ ಒಂದು ನೂರು ಹಾಳೆಯ ನೋಟ್‌ಬುಕ್ಕಿನಲ್ಲಿ ಮೂರು ತಲೆಮಾರು ಬರೆದಿಡಲಿ. ಕೊಟ್ಟ ಹೆಣ್ಣು, ತಂದ ಹೆಣ್ಣು, ಊರು ಬಿಟ್ಟವರು ಎಲ್ಲರ ಹೆಸರೂ ಅದರಲ್ಲಿರಲಿ. ಬೆಂಗಳೂರಿಗೆ ಹೋಗಿರುವ ನಮ್ಮ ಹುಡುಗರ ಮಕ್ಕಳು ಮುಂದೊಂದು ದಿನ ಈ ಊರನ್ನು ಕೇಳಿಕೊಂಡು ಬಂದರೆ, ತೋರಿಸಲಿಕ್ಕೆ ಒಂದು ಪುಸ್ತಕ ಇರಬೇಕು.