ಜೌಗುನೆಲ ಕಾಪಿಟ್ಟ ಕೃಷಿಯ ಚರಿತ್ರೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಕೃಷಿಯ ಉಗಮವನ್ನು ಕುರಿತು ಓದುವಾಗ ನಾವು ಗೋಧಿ, ಬಾರ್ಲಿ, ಭತ್ತಗಳ ಹೆಸರನ್ನೇ ಕಾಣುತ್ತೇವೆ. ಸುಟ್ಟು ಕರಿಕಾದ ಕಾಳು ಸಾವಿರಾರು ವರ್ಷ ಮಣ್ಣಿನಲ್ಲಿ ಉಳಿಯಬಲ್ಲದು. ಗೆಡ್ಡೆ, ಬಾಳೆಗಳಾದರೋ ಕೊಳೆತು ಮಣ್ಣಾಗುತ್ತವೆ. ಆದ್ದರಿಂದಲೇ ಮಳೆಕಾಡಿನ ಬೇಸಾಯಗಾರರು ಬಹುಕಾಲ ಚರಿತ್ರೆಯ ಹೊರಗೇ ಉಳಿದರು. ಈ ತಿಳಿವಳಿಕೆಯನ್ನು ತಿದ್ದಿದ ಒಂದು ಜೌಗುನೆಲದ ಕಥೆಯನ್ನು ನಿಮ್ಮ ಮುಂದಿಡಬಯಸುತ್ತೇನೆ.

ಪಪುವಾ ನ್ಯೂಗಿನಿಯ ಪಶ್ಚಿಮ ಬೆಟ್ಟಸೀಮೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1500 ಮೀಟರ್ ಎತ್ತರದಲ್ಲಿ, ಕುಕ್ ಎಂಬ ಸ್ಥಳವಿದೆ. ಚಹಾ ಸಂಶೋಧನಾ ಕೇಂದ್ರಕ್ಕಾಗಿ ಅಲ್ಲಿ ಬಸಿಗಾಲುವೆಗಳನ್ನು ತೋಡಿದಾಗ ಅವುಗಳ ಗೋಡೆಗಳಲ್ಲಿ ಪ್ರಾಚೀನ ಕಾಲುವೆಗಳ ಗುರುತುಗಳು ಕಂಡವು. 1972ರಲ್ಲಿ ಜಾಕ್ ಗೋಲ್ಸನ್ ಅಲ್ಲಿ ಉತ್ಖನನ ಆರಂಭಿಸಿದರು. 1990ರ ದಶಕದ ಕೊನೆಯಲ್ಲಿ ಟಿಮ್ ಡೆನ್‌ಹ್ಯಾಮ್ ಮುಂದುವರಿಸಿದರು. ಸುಮಾರು 10,000 ವರ್ಷಗಳ ಹಿಂದಿನ ಗುಂಡಿಗಳು, ಸುಮಾರು 7000 ವರ್ಷಗಳ ಹಿಂದಿನ ನಾಟಿದಿಬ್ಬಗಳು, ಸುಮಾರು 4000 ವರ್ಷಗಳ ಹಿಂದಿನ ಬಸಿಗಾಲುವೆಗಳು ಒಂದರ ಮೇಲೊಂದರಂತೆ ಅಲ್ಲಿ ದೊರೆತವು. 2008ರಲ್ಲಿ ಯುನೆಸ್ಕೋ ಈ ತಾಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕೊಳೆತುಹೋದ ಬೆಳೆಯನ್ನು ಗುರುತಿಸಿದ್ದು ಹೇಗೆ? ಕಲ್ಲಿನ ಉಪಕರಣಗಳ ಅಂಚಿನಲ್ಲಿ ಕೆಸುವಿನ ಪಿಷ್ಟಕಣಗಳು ಅಂಟಿಕೊಂಡಿದ್ದವು. ಬಾಳೆಯ ಜೀವಕೋಶಗಳಲ್ಲಿ ರೂಪುಗೊಳ್ಳುವ ಸಿಲಿಕಾದ ಸೂಕ್ಷ್ಮಕಣಗಳು ಮಣ್ಣಿನಲ್ಲಿ ಉಳಿದಿದ್ದವು. ನೀರನ್ನು ಸಹಿಸುವ ಕೆಸುವಿಗೆ ತಗ್ಗು, ಸಹಿಸದ ಬೆಳೆಗಳಿಗೆ ದಿಬ್ಬದ ನೆತ್ತಿ ಮೀಸಲಾಗಿತ್ತೆಂದು ವಿದ್ವಾಂಸರು ಊಹಿಸುತ್ತಾರೆ. ಗದ್ದೆಯಂಚಿನಲ್ಲಿ ಕೆಸು ನೆಡುವ ನಮಗೆ ಈ ವಿವೇಕ ಹೊಸದೇನಲ್ಲ.

ಆ ಜನರನ್ನು ದೋಷರಹಿತರೆಂದು ಹೊಗಳಲಾರೆ. ಬೇಸಾಯ ಹಬ್ಬಿದಂತೆ ಕಣಿವೆಯ ಕಾಡು ಕರಗಿ ಹುಲ್ಲುಗಾಡಾಯಿತೆಂದು ಪರಾಗಕಣಗಳ ಅಧ್ಯಯನ ತಿಳಿಸುತ್ತದೆ. ಆದರೆ ಸುಮಾರು 1200 ವರ್ಷಗಳ ಹಿಂದಿನಿಂದ ಗಾಳಿಮರದ ಕುಲಕ್ಕೆ ಸೇರಿದ ಮರದ ಪರಾಗ ಹೆಚ್ಚುತ್ತದೆ. ಬೇರಿನ ಗಂಟುಗಳಲ್ಲಿ ಸಾರಜನಕವನ್ನು ಹಿಡಿದಿಡುವ ಈ ಮರವನ್ನು ಅವರು ಪಾಳುಬಿಟ್ಟ ಭೂಮಿಯಲ್ಲಿ ಬೆಳೆಸಿ ಮಣ್ಣಿನ ಸಾರವನ್ನು ಮರಳಿ ಪಡೆದರು. ಕೆಡಿಸಿದ ನೆಲವನ್ನು ಸರಿಪಡಿಸುವ ಹೊಣೆಯೂ ಕೃಷಿಯ ಭಾಗವೆಂಬುದು ಇಲ್ಲಿಯ ಪಾಠ.

ನಮ್ಮೊಂದಿಗೆ ಈ ದ್ವೀಪದ ಸಂಬಂಧ ದೂರದ್ದಲ್ಲ. ಆಲೆಮನೆಯ ಕಬ್ಬಿನ ಮೂಲ ತವರು ನ್ಯೂಗಿನಿ. ನಾವು ತಿನ್ನುವ ಅನೇಕ ಬಾಳೆತಳಿಗಳಲ್ಲಿ ಅಲ್ಲಿಯ ಕಾಡುಬಾಳೆಯ ವಂಶಾಂಶವಿದೆ. ಬೀಜವಿಲ್ಲದ ಬಾಳೆ ತಾನಾಗಿ ದೇಶ ದಾಟಲಾರದು. ಯಾರೋ ಕಂದು ಕಿತ್ತು ನೆಟ್ಟರು, ನೆರೆಯವರಿಗೆ ಕೊಟ್ಟರು, ಅವರು ಮತ್ತೊಬ್ಬರಿಗೆ ಕೊಟ್ಟರು. ಈ ಸರಪಳಿ ಎಲ್ಲಿಯೂ ತುಂಡಾಗದ ಕಾರಣ ಅದು ನಮ್ಮ ಹಿತ್ತಲಿಗೆ ತಲುಪಿತು.

ನಾನೂ ಕೃಷಿ ವಿಜ್ಞಾನವನ್ನು ಓದುವಾಗ ಎಕರೆಯ ಇಳುವರಿಯ ಲೆಕ್ಕವನ್ನೇ ಕಲಿತೆ. ಹಿತ್ತಲಿನ ಕೆಸು, ಹೆಗ್ಗೆಣಸುಗಳನ್ನು ಬೆಳೆಯೆಂದು ಎಣಿಸಲಿಲ್ಲ. ಆ ತಪ್ಪನ್ನು ಇಂದು ಒಪ್ಪಿಕೊಳ್ಳುತ್ತೇನೆ. ಇಂಥ ತಳಿಗಳು ನೆಡುವ ಕೈ ಇರುವಷ್ಟು ದಿನ ಮಾತ್ರ ಬದುಕುತ್ತವೆ. ವಿದ್ಯಾರ್ಥಿಗಳೇ, ನಿಮ್ಮ ಅಜ್ಜಿ ನೆಡುವ ಗೆಡ್ಡೆಗಳ ಹೆಸರನ್ನು ಈ ಮಳೆಗಾಲದಲ್ಲಿ ಬರೆದಿಡಿ. ಒಂದೊಂದನ್ನು ನೀವೂ ನೆಡಿ, ಮತ್ತೊಂದು ಮನೆಗೂ ಕೊಡಿ.