ಪೆಟ್ಟಿ ಮನೆತನದ ನಾಲ್ಕನೆಯ ಕುಡಿ

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ ಲೆವೆಲ್ ಕ್ರಾಸ್ ಅಂತ ಒಂದು ಪುಟ್ಟ ಊರಿದೆ. ಅಲ್ಲಿಯ ಪೆಟ್ಟಿ ಮನೆತನಕ್ಕೆ ಕಾರ್ ರೇಸೇ ಕುಲಕಸುಬು. ಮುತ್ತಜ್ಜ ಲೀ, ಅಜ್ಜ ರಿಚರ್ಡ್, ಅಪ್ಪ ಕೈಲ್, ಮಗ ಆಡಮ್. ನಾಲ್ಕು ತಲೆಮಾರು ಹಿಡಿದದ್ದು ಒಂದೇ ಸ್ಟೀರಿಂಗ್. ಇವತ್ತು ನಾನು ಹೇಳಹೊರಟಿರುವುದು ಆ ನಾಲ್ಕನೆಯವನ ಕಥೆ. ಅವನು ರೇಸಿನಲ್ಲಿದ್ದದ್ದು ಹೆಚ್ಚುಕಮ್ಮಿ ಎರಡು ವರ್ಷ ಮಾತ್ರ. ಆದರೂ ಸ್ಟಾಕ್ ಕಾರ್ ರೇಸಿನ ಚರಿತ್ರೆಯನ್ನು ಅವನನ್ನು ಬಿಟ್ಟು ಹೇಳಲು ಬರುವುದಿಲ್ಲ.

ಈ ಆಟಕ್ಕೊಂದು ಕಟ್ಟುನಿಟ್ಟು ತಂದವರು ಬಿಲ್ ಫ್ರಾನ್ಸ್. 1948ರಲ್ಲಿ ಅವರ ಮುಂದಾಳುತನದಲ್ಲಿ ನ್ಯಾಸ್ಕಾರ್ ಸಂಸ್ಥೆ ಹುಟ್ಟಿತು. ಮರುವರ್ಷ ಜೂನ್ ತಿಂಗಳಲ್ಲಿ ಶಾರ್ಲೆಟ್‌ನ ಮಣ್ಣಿನ ಟ್ರ್ಯಾಕಿನಲ್ಲಿ ಮೊದಲ ದೊಡ್ಡ ಸರಣಿ ಶುರುವಾಯಿತು. ಶೋರೂಮಿನಲ್ಲಿ ಜನ ಕೊಳ್ಳುವಂಥ ಕಾರನ್ನೇ ತಂದು ಓಡಿಸಬೇಕು ಎನ್ನುವುದು ಅಂದಿನ ನಿಯಮ. 35ರ ಹರೆಯದ ಲೀ ಪೆಟ್ಟಿ ಯಾರದೋ ಬ್ಯೂಯಿಕ್ ಕಾರನ್ನು ಕಡ ತಂದು ಓಡಿಸಿ, ಟ್ರ್ಯಾಕಿನಲ್ಲೇ ಪಲ್ಟಿ ಹೊಡೆಸಿದ. ಅಷ್ಟಕ್ಕೆ ಅವನು ಬಿಡಲಿಲ್ಲ. ಮೂರು ಸಲ ಚಾಂಪಿಯನ್ ಆದ. 1959ರ ಮೊಟ್ಟಮೊದಲ ಡೇಟೋನಾ 500 ರೇಸನ್ನೂ ಗೆದ್ದ. ಆ ಗೆಲುವಿನ ತೀರ್ಪು ಬರಲು ಮೂರು ದಿನ ಹಿಡಿಯಿತು. ಮೊದಲು ಇನ್ನೊಬ್ಬನನ್ನು ವಿಜಯಿ ಎಂದು ಸಾರಿಬಿಟ್ಟಿದ್ದರು. ಆಮೇಲೆ ಫೋಟೋಗಳನ್ನೂ ನ್ಯೂಸ್‌ರೀಲನ್ನೂ ನೋಡಿ ತೀರ್ಪು ತಿದ್ದಿದರು. ಎರಡು ವರ್ಷ ಕಳೆದು ಅದೇ ಡೇಟೋನಾದಲ್ಲಿ ಅವನ ಕಾರು ಕಟ್ಟೆ ದಾಟಿ ಹೊರಗೆ ಬಿತ್ತು. ಜೀವ ಉಳಿಯಿತು, ಆದರೆ ಅಲ್ಲಿಂದಾಚೆಗೆ ಅವನು ಓಡಿಸಿದ್ದು ಬಹಳ ಕಡಿಮೆ.

ಮಗ ರಿಚರ್ಡ್ ಅಪ್ಪನನ್ನು ಮೀರಿಸಿದ. 43ನೇ ನಂಬರಿನ ನೀಲಿ ಕಾರು, 200 ಗೆಲುವು, ಏಳು ಚಾಂಪಿಯನ್‌ಶಿಪ್. ಜನ ಅವನನ್ನು ರಾಜ ಎಂದೇ ಕರೆದರು. ಮೊಮ್ಮಗ ಕೈಲ್ ಗೆದ್ದದ್ದು ಎಂಟು ರೇಸು. ಬೇರೆ ಯಾವ ಮನೆಯಲ್ಲಾದರೂ ಅದು ದೊಡ್ಡ ಮಾತೇ, ಈ ಮನೆಯಲ್ಲಿ ಮಾತ್ರ ಅಜ್ಜನ, ಅಪ್ಪನ ಲೆಕ್ಕದ ಮುಂದೆ ನಿಲ್ಲಬೇಕಾಯಿತು.

ಆಡಮ್ ಹುಟ್ಟಿದ್ದು 1980ರ ಜುಲೈಯಲ್ಲಿ. ಎತ್ತರದ ಹುಡುಗ, ಹಲ್ಲು ಕಾಣುವಂತೆ ಅಗಲವಾಗಿ ನಗುತ್ತಿದ್ದ. ಥೇಟ್ ಅಜ್ಜನ ನಗು. 1998ರಲ್ಲಿ, ಹದಿನೆಂಟರ ಹೊತ್ತಿಗೆ, ಸಣ್ಣ ಸರಣಿಗಳಲ್ಲಿ ಓಡಿಸತೊಡಗಿದ. ಆ ವರ್ಷವೇ ಮಿನ್ನೆಸೋಟಾದ ಒಂದು ರೇಸಿನಲ್ಲಿ ಘೋರವೊಂದು ನಡೆಯಿತು. ಅವನ ತಂಡದ ಮುಖ್ಯಸ್ಥ ಕಾರಿನ ಕೆಳಗೆ ಕೆಲಸ ಮಾಡುತ್ತಿದ್ದ. ಅದರ ಅರಿವಿಲ್ಲದೆ ಆಡಮ್ ಪಿಟ್‌ನಿಂದ ಕಾರನ್ನು ಮುಂದಕ್ಕೆ ಬಿಟ್ಟ. ಮುಖ್ಯಸ್ಥ ಉಳಿಯಲಿಲ್ಲ. ಹದಿನೆಂಟರ ಹುಡುಗನ ಎದೆಯ ಮೇಲೆ ಎಂಥ ಭಾರ! ಸೆಪ್ಟೆಂಬರ್ ಕೊನೆಯಲ್ಲಿ ಅವನು ಶಾರ್ಲೆಟ್‌ನಲ್ಲಿ ಆರ್ಕಾ ಸರಣಿಯ ರೇಸಿಗೆ ಇಳಿದ. ಆ ಸರಣಿಯಲ್ಲಿ ಅದು ಅವನ ಮೊದಲ ರೇಸು. ಗೆದ್ದೇಬಿಟ್ಟ. ಅಲ್ಲಿ ಅತಿ ಚಿಕ್ಕ ವಯಸ್ಸಿಗೆ ಗೆದ್ದ ದಾಖಲೆ ಅದುವರೆಗೆ ಅಪ್ಪ ಕೈಲ್‌ನದಾಗಿತ್ತು.

1999ರಲ್ಲಿ ನ್ಯಾಸ್ಕಾರ್‌ನ ಎರಡನೇ ದರ್ಜೆಯ ಬುಷ್ ಸರಣಿಗೆ ಬಂದ. ಕಾರಿನ ನಂಬರು 45. ಆ ವರ್ಷ ಏಳುಬೀಳುಗಳದ್ದೇ. ಕ್ಯಾಲಿಫೋರ್ನಿಯಾದಲ್ಲಿ ನಾಲ್ಕನೆಯವನಾಗಿ ಬಂದರೆ, ಇನ್ನು ಕೆಲವು ರೇಸುಗಳಿಗೆ ಅರ್ಹತೆಯೇ ಸಿಗಲಿಲ್ಲ. 2000ದ ಏಪ್ರಿಲ್ 2ರಂದು ಟೆಕ್ಸಸ್‌ನಲ್ಲಿ ಮೊದಲ ದರ್ಜೆಯ ರೇಸಿಗೆ ಕಾಲಿಟ್ಟ. ಆ ರೇಸಿಗೆ ಅಪ್ಪನಿಗೆ ಅರ್ಹತೆ ದಕ್ಕಲಿಲ್ಲ, ಮಗನಿಗೆ ದಕ್ಕಿತು. ಎಂಜಿನ್ ಕೈಕೊಟ್ಟು 40ನೇ ಸ್ಥಾನಕ್ಕೆ ತೃಪ್ತನಾಗಬೇಕಾಯಿತು. ಮೂರು ದಿನ ಕಳೆದು ಮುತ್ತಜ್ಜ ಲೀ ತೀರಿಕೊಂಡ. ಮರಿಮೊಮ್ಮಗ ದೊಡ್ಡ ಅಂಕಣಕ್ಕೆ ಇಳಿದದ್ದನ್ನು ಕಂಡ ಮೇಲೆಯೇ ಕಣ್ಣು ಮುಚ್ಚಿದ ಅನ್ನಬೇಕು.

ಮೇ 12, ಶುಕ್ರವಾರ. ನ್ಯೂ ಹ್ಯಾಂಪ್‌ಶೈರ್ ಟ್ರ್ಯಾಕಿನಲ್ಲಿ ಅಭ್ಯಾಸ. ಮೂರನೇ ತಿರುವಿಗೆ ಬಂದಾಗ ಆಡಮ್‌ನ ಕಾರು ನಿಧಾನವಾಗಲಿಲ್ಲ. ಆಕ್ಸಿಲರೇಟರ್ ಒತ್ತಿದಲ್ಲೇ ಸಿಕ್ಕಿಕೊಂಡಿತ್ತು ಎಂಬುದು ಬಲ್ಲವರ ಅಭಿಪ್ರಾಯ. ಕಾರು ಕಾಂಕ್ರೀಟ್ ಗೋಡೆಗೆ ಬಡಿಯಿತು. ಅವನಿಗಿನ್ನೂ 19 ವರ್ಷ. ಎಂಟು ವಾರ ಕಳೆಯುವುದರಲ್ಲಿ ಅದೇ ಟ್ರ್ಯಾಕಿನ ಅದೇ ಮೂರನೇ ತಿರುವಿನಲ್ಲಿ ಕೆನ್ನಿ ಅರ್ವಿನ್ ಎಂಬ ಇನ್ನೊಬ್ಬ ಚಾಲಕನೂ ಸತ್ತ. ಆಗ ನ್ಯಾಸ್ಕಾರ್ ಒಂದು ನಿಯಮ ತಂದಿತು: ಹೆಬ್ಬೆರಳಿಗೆ ಎಟಕುವಂತೆ ಸ್ಟೀರಿಂಗ್ ಮೇಲೇ ಎಂಜಿನ್ ಆರಿಸುವ ಸ್ವಿಚ್ ಇರಬೇಕು. 2001ರ ಫೆಬ್ರವರಿ 18ರಂದು ಡೇಟೋನಾ 500ರ ಕೊನೆಯ ಸುತ್ತಿನಲ್ಲಿ, ಏಳು ಸಲದ ಚಾಂಪಿಯನ್ ಡೇಲ್ ಅರ್ನ್‌ಹಾರ್ಟ್ ಕೂಡ ಗೋಡೆಗೆ ಬಡಿದು ಹೋದ.

ಮೂವರನ್ನೂ ಕೊಂದದ್ದು ಒಂದೇ ಗಾಯ. ಕಾರು ಥಟ್ಟನೆ ನಿಂತಾಗ ಬೆಲ್ಟು ಎದೆಯನ್ನು ಹಿಡಿದಿಡುತ್ತದೆ. ಹೆಲ್ಮೆಟ್ಟಿನ ಭಾರ ಹೊತ್ತ ತಲೆಯನ್ನು ಹಿಡಿಯುವವರಿಲ್ಲ. ಅದು ಮುಂದಕ್ಕೆ ಚಿಮ್ಮುತ್ತದೆ, ತಲೆಬುರುಡೆಯ ಬುಡ ಬಿರಿಯುತ್ತದೆ. ಇದಕ್ಕೆ ಮದ್ದು ಹುಡುಕಿದವರು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರೊಫೆಸರ್ ರಾಬರ್ಟ್ ಹಬ್ಬರ್ಡ್. ರೇಸ್ ಓಡಿಸುತ್ತಿದ್ದ ಅವರ ಭಾವಮೈದುನ ಜಿಮ್ ಡೌನಿಂಗ್, 1981ರಲ್ಲಿ ಗೆಳೆಯನೊಬ್ಬನನ್ನು ಹೀಗೇ ಕಳೆದುಕೊಂಡಿದ್ದ. ಅವರು ಮಾಡಿದ ಸಾಧನದ ಹೆಸರು ಹ್ಯಾನ್ಸ್. ಹೆಗಲ ಮೇಲೆ ಕೂರುವ ಗಟ್ಟಿ ಕೊರಳಪಟ್ಟಿ, ಬೆಲ್ಟಿನ ಅಡಿಯಲ್ಲಿ ಬಿಗಿಯಾಗಿ ನಿಲ್ಲುತ್ತದೆ. ಅದರಿಂದ ಹೊರಟ ಪಟ್ಟಿಗಳು ಹೆಲ್ಮೆಟ್ಟನ್ನು ಎರಡೂ ಕಡೆ ಎಳೆದು ಹಿಡಿಯುತ್ತವೆ. ಎದೆಯ ಜೊತೆಗೇ ತಲೆಯೂ ನಿಲ್ಲುತ್ತದೆ, ಅಷ್ಟೆ.

ನನ್ನನ್ನು ಕಾಡುವುದು ಇದೇ. ಆಡಮ್ ಸತ್ತಾಗ ಈ ಪಟ್ಟಿ ಹುಟ್ಟಿ ಹತ್ತು ವರ್ಷ ದಾಟಿತ್ತು, ದುಡ್ಡು ಕೊಟ್ಟರೆ ಸಿಗುತ್ತಿತ್ತು. ಕಿರಿಕಿರಿ, ಅತ್ತಿತ್ತ ತಿರುಗಲು ಆಗದು ಎಂದು ಓಡಿಸುವವರು ಬೇಡವೆಂದರು, ನಡೆಸುವವರು ಒತ್ತಾಯ ಮಾಡಲಿಲ್ಲ. ತಲೆಯನ್ನು ಹಿಡಿದಿಡುವ ಸಾಧನವನ್ನು ನ್ಯಾಸ್ಕಾರ್ ಕಡ್ಡಾಯ ಮಾಡಿದ್ದು 2001ರ ಅಕ್ಟೋಬರಿನಲ್ಲಿ. ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಡೀನ್ ಸಿಕಿಂಗ್ ಮತ್ತು ಸಂಗಡಿಗರು ಉಕ್ಕಿನ ಕೊಳವೆ, ಫೋಮ್ ಸೇರಿಸಿ ಪೆಟ್ಟು ನುಂಗುವ ಗೋಡೆ ರೂಪಿಸಿದರು. 2002ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಅದು ಮೊದಲು ಬಂತು, ಆಮೇಲೆ ಉಳಿದ ಟ್ರ್ಯಾಕುಗಳಿಗೆ. ಅರ್ನ್‌ಹಾರ್ಟ್ ನಂತರ ನ್ಯಾಸ್ಕಾರ್‌ನ ಮೂರು ಪ್ರಮುಖ ಸರಣಿಗಳ ಟ್ರ್ಯಾಕಿನಲ್ಲಿ ಒಬ್ಬ ಚಾಲಕನೂ ಜೀವ ಕಳೆದುಕೊಂಡಿಲ್ಲ.

ಮಗನ 45ನೇ ನಂಬರಿನ ಕಾರನ್ನು ಕೈಲ್ ತಾನೇ ಓಡಿಸಿದ, 2008ರವರೆಗೂ. ಕಾಯಿಲೆಯ ಮಕ್ಕಳಿಗೆ ನಾರ್ತ್ ಕೆರೊಲಿನಾದಲ್ಲೊಂದು ಶಿಬಿರ ಆಗಬೇಕು ಎಂಬುದು ಆಡಮ್‌ನ ಆಸೆಯಾಗಿತ್ತು. ರಿಚರ್ಡ್ ದಂಪತಿ ಜಮೀನು ಕೊಟ್ಟರು. 2004ರಲ್ಲಿ ರ‍್ಯಾಂಡಲ್‌ಮನ್‌ನಲ್ಲಿ ವಿಕ್ಟರಿ ಜಂಕ್ಷನ್ ಎಂಬ ಆ ಶಿಬಿರ ಬಾಗಿಲು ತೆರೆಯಿತು. ಅಲ್ಲಿಗೆ ಬರುವ ಮಕ್ಕಳ ಮನೆಯವರಿಂದ ಒಂದು ಡಾಲರನ್ನೂ ತೆಗೆದುಕೊಳ್ಳುವುದಿಲ್ಲ.